ಕಾವಲಿಲ್ಲದ ಉರುಲು

ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಬಂದರೆ ಸಿಗುವ ದಾಬಸ್‌ಪೇಟೆ, 19ನೇ ಶತಮಾನದ ನಡುಭಾಗದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ರಿಚರ್ಡ್ ಸ್ಟುವರ್ಟ್ ಡಾಬ್ಸ್ ಹೆಸರು ಹೊತ್ತ ಊರು. ಈಗ ಸೋಂಪುರ ಕೈಗಾರಿಕಾ ಪ್ರದೇಶ ಇದರ ಗುರುತು. ಆದರೆ ಕಾರ್ಖಾನೆಗಳ ಕಾಂಪೌಂಡ್ ದಾಟಿದರೆ ನೆಲ ಹಳೆಯದೇ: ಶಿವಗಂಗೆ, ನಿಜಗಲ್, ಆಚೆಗೆ ದೇವರಾಯನದುರ್ಗ, ನಡುವೆ ಬಂಡೆ, ಕುರುಚಲು, ರಾಗಿ ಹೊಲ, ಅಡಿಕೆ ತೋಟ. ಚಿರತೆ, ಕರಡಿ, ಹಂದಿ, ನರಿ, ಮುಂಗುಸಿ, ಮೊಲಗಳಿಗೆ ಹೇಳಿ ಮಾಡಿಸಿದ ಜಾಗ. ಇಂಥ ಸೀಮೆಯಲ್ಲಿ ಪ್ರಾಣಿಗೆ ಬಲೆ ಕಟ್ಟುವುದು, ಉರುಲು ಒಡ್ಡುವುದು ಹೊಸ ವಿದ್ಯೆಯಲ್ಲ. ಅದರ ಇತಿಹಾಸವನ್ನು ನಾವು ಸಾಮಾನ್ಯವಾಗಿ ಕ್ರೌರ್ಯದಿಂದ ಕರುಣೆಯ ಕಡೆಗೆ ಬಂದ ಕಥೆಯಾಗಿ ಹೇಳಿಕೊಳ್ಳುತ್ತೇವೆ: ಹಿಂದೆ ಬೇಟೆ ಇತ್ತು, 1972ರಲ್ಲಿ ಕಾನೂನು ಬಂತು, ಬೇಟೆ ನಿಂತಿತು. ಈ ಕಥೆ ಅರ್ಧ ಮಾತ್ರ ನಿಜ. ಹೋದದ್ದು ಉರುಲನ್ನು ಕಾಯುತ್ತಿದ್ದ ಮನುಷ್ಯ. ಉರುಲು ಉಳಿದುಕೊಂಡಿದೆ, ಮೊದಲಿಗಿಂತ ಕೆಟ್ಟ ರೂಪದಲ್ಲಿ.

ಮೊದಲು ಸಾಮಗ್ರಿಯನ್ನೇ ನೋಡಬೇಕು. ಹಳೆಯ ಬಲೆ ಸೆಣಬಿನದೋ ಕತ್ತಾಳೆಯದೋ ನಾರಿನ ಹುರಿಯಿಂದ ಹೆಣೆದದ್ದು. ಮಳೆಗೆ ಬಿಟ್ಟರೆ ಕೊಳೆಯುತ್ತದೆ, ನೆಲದ ಮೇಲೆ ಬಿದ್ದಿದ್ದರೆ ಗೆದ್ದಲು ಹಿಡಿಯುತ್ತದೆ; ಬಳಸಿದ ಮೇಲೆ ಒಣಗಿಸಿ, ಹರಿದ ಕಣ್ಣು ಕಟ್ಟಿ, ಅಟ್ಟಕ್ಕೆ ಏರಿಸಬೇಕು. ಅದಕ್ಕಿಂತ ಮುಖ್ಯವಾಗಿ, ಬಲವಾದ ಪ್ರಾಣಿಗೆ ಹೊತ್ತು ಸಿಕ್ಕರೆ ಹುರಿಯನ್ನು ಕಡಿದುಕೊಂಡು ಹೋಗುತ್ತದೆ. ಹಾಗಾಗಿ ಬಲೆ ಕಟ್ಟಿದವನು ಮನೆಗೆ ಹೋಗಿ ಮಲಗುವಂತಿರಲಿಲ್ಲ. ಮೈಸೂರು ಸರ್ಕಾರದ ಸೇವೆಯಲ್ಲಿದ್ದು ಆನೆ ಖೆಡ್ಡಾದಿಂದ ಹೆಸರಾದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕದಲ್ಲಿ ಈ ರಾಜ್ಯದ ಹಳ್ಳಿಗರು ಹುಲಿಯನ್ನು ಬಲೆಗಳಿಂದ ಸುತ್ತುಗಟ್ಟುತ್ತಿದ್ದ ಬಗೆ ಇದೆ. ಹುಲಿ ಅಡಗಿದ ಮೆಳೆಯ ಸುತ್ತ ಬಲೆ ನಿಲ್ಲಿಸಿ, ಊರಿಗೆ ಊರೇ ಸೇರಿ ಕಾಯುವ ಕೆಲಸ ಅದು. ಸಣ್ಣ ಪ್ರಾಣಿಗಳ ಬೇಟೆಯಲ್ಲೂ ಕ್ರಮ ಇದೇ: ಒಂದು ಕಡೆ ಬಲೆ, ಇನ್ನೊಂದು ಕಡೆಯಿಂದ ಸೋವುವವರು. ಚಿತ್ರದುರ್ಗದ ಕಡೆಯ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಗೆ ಮೊಲವನ್ನು ಬಲೆಯಿಂದ ಜೀವಂತ ಹಿಡಿದು, ಪೂಜೆ ಮಾಡಿ, ಮತ್ತೆ ಕಾಡಿಗೆ ಬಿಡುವ ವಾಡಿಕೆ ಇದೆ. ಬಲೆಯ ಪಕ್ಕದಲ್ಲಿ ಮನುಷ್ಯನಿದ್ದರೆ ಮಾತ್ರ ಇಂಥ ಆಚರಣೆ ಹುಟ್ಟಲು ಸಾಧ್ಯ. ಪ್ರಾಣಿ ಜೀವಸಹಿತ ಕೈಗೆ ಬರುತ್ತದೆ. ಕೊಲ್ಲುವುದೋ ಬಿಡುವುದೋ ಎಂಬುದು ಆಗ ಒಬ್ಬ ಮನುಷ್ಯನ ತೀರ್ಮಾನವಾಗುತ್ತದೆ.

ತುಪ್ಪಳಿನ ಆಸೆಯೂ ಇದೇ ಕಾವಲನ್ನು ಬೇಡುತ್ತಿತ್ತು. ಸತ್ತ ಪ್ರಾಣಿ ಬಿಸಿಲಲ್ಲಿ ಒಂದು ದಿನ ಬಿದ್ದಿದ್ದರೆ ಸಾಕು, ಚರ್ಮ ಕೊಳೆತು ಕೂದಲು ಕೈಗೆ ಬರುತ್ತದೆ. ಉಳಿದದ್ದನ್ನು ನಾಯಿ, ನರಿ, ಹದ್ದು ಹರಿಯುತ್ತವೆ. ಚರ್ಮ ಬೇಕಾದವನು ಬೇಗ ಬರಲೇಬೇಕು. ಅಲೆಮಾರಿ ಬೇಟೆಗಾರರಾದ ಹರಣಶಿಕಾರಿಗಳು ಚಿಗರೆಗೆ ಉರುಲುಗಳ ಸಾಲನ್ನೇ ನೆಲಕ್ಕೆ ಗೂಟ ಹೊಡೆದು ಕಟ್ಟುತ್ತಿದ್ದರು. ಆದರೆ ಹಿಂಡನ್ನು ಅದರ ಕಡೆಗೆ ತಿರುಗಿಸಲು ಜನ ಬೇಕಿತ್ತು, ಕೆಲಸ ಮುಗಿದ ಮೇಲೆ ಉರುಲನ್ನು ಸುತ್ತಿ ಒಯ್ಯುತ್ತಿದ್ದರು. ಅಲೆಮಾರಿಗೆ ಅದು ಆಸ್ತಿ, ಹೊಲದಲ್ಲಿ ಬಿಟ್ಟು ಹೋಗುವ ವಸ್ತುವಲ್ಲ. ತುಪ್ಪಳಿನ ವ್ಯಾಪಾರ ಇಂದಿಗೂ ಕಾನೂನುಬದ್ಧವಾಗಿರುವ ಉತ್ತರ ಅಮೆರಿಕದಲ್ಲಿ ಹಲವು ರಾಜ್ಯಗಳು ಒಡ್ಡಿದ ಬೋನನ್ನು ಇಂತಿಷ್ಟು ಗಂಟೆಗೊಮ್ಮೆ, ಎಷ್ಟೋ ಕಡೆ ದಿನಕ್ಕೊಮ್ಮೆ, ನೋಡಲೇಬೇಕು ಎಂದು ಕಟ್ಟು ಮಾಡಿವೆ. ಬಿಟ್ಟುಹೋದ ಬೋನಿನಷ್ಟು ಕೆಟ್ಟದ್ದು ಬೇರೆ ಇಲ್ಲ ಎಂದು ಆ ಕಸುಬು ತಿಳಿದವರೇ ಒಪ್ಪಿದ ಮಾತು ಅದು.

ಹಾಗಾದರೆ ಹಳೆಯ ಬೇಟೆಗಾರ ದಯಾಳುವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಬಲೆಗೆ ಬಿದ್ದ ಹುಲಿಯನ್ನು ಈಟಿಯಿಂದ ತಿವಿದು ಕೊಂದದ್ದರಲ್ಲಿ ದಯೆ ಹುಡುಕಬೇಕಿಲ್ಲ. ಕಾವಲಿದ್ದ ಮಾತ್ರಕ್ಕೆ ಪ್ರಾಣಿ ಉಳಿಯಿತು ಎಂದೂ ಹೇಳಲಾಗದು. 1875ರಿಂದ 1925ರವರೆಗಿನ 50 ವರ್ಷಗಳಲ್ಲಿ ಬ್ರಿಟಿಷ್ ಭಾರತದಲ್ಲಿ 80 ಸಾವಿರಕ್ಕೂ ಹೆಚ್ಚು ಹುಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆ, ಎರಡು ಲಕ್ಷದಷ್ಟು ತೋಳ ಇನಾಮಿಗಾಗಿ ಸತ್ತವು ಎಂಬುದು ಇತಿಹಾಸಕಾರ ಮಹೇಶ್ ರಂಗರಾಜನ್ ಕಲೆಹಾಕಿದ ಲೆಕ್ಕ. ಮುಂಗುಸಿಯ ಉದಾಹರಣೆ ಇನ್ನೂ ಗಟ್ಟಿ ಆಕ್ಷೇಪ. ಚಿತ್ರಕಾರರ ಬ್ರಷ್ಷಿಗೆ ಮುಂಗುಸಿಯ ಕೂದಲು ಬೇಕು. ಉತ್ತರ ಪ್ರದೇಶದ ಶೇರ್‌ಕೋಟ್ ಆ ಬ್ರಷ್ಷಿಗೆ ಹೆಸರಾದ ಊರು. ಒಂದು ಪ್ರಾಣಿಯಿಂದ ಸಿಗುವುದು ಸ್ವಲ್ಪವೇ ಕೂದಲು, ಆದ್ದರಿಂದ ಒಂದು ಕಿಲೋ ತುಂಬಲು ಹತ್ತಾರು ಮುಂಗುಸಿ ಸಾಯಬೇಕು. ಅವನ್ನು ಹಿಡಿದುಕೊಟ್ಟವರು ಕೈಬಲೆ, ನಾಯಿ ಕಟ್ಟಿಕೊಂಡ ನುರಿತ ಬೇಟೆಗಾರರೇ. 2019ರ ಅಕ್ಟೋಬರಿನಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಸಂಸ್ಥೆ ಹಲವು ರಾಜ್ಯಗಳಲ್ಲಿ ‘ಆಪರೇಷನ್ ಕ್ಲೀನ್ ಆರ್ಟ್’ ನಡೆಸಬೇಕಾಯಿತು. ಇದನ್ನು ಒಪ್ಪಲೇಬೇಕು: ದೂರದ ಪೇಟೆ ದುಡ್ಡು ಕೊಟ್ಟರೆ ಕಾವಲಿರುವ ಬಲೆಯೂ ಕಾಡನ್ನು ಬರಿದು ಮಾಡುತ್ತದೆ. ಆದರೆ ಆ ಬಲೆ ಹಿಡಿದದ್ದು ಮುಂಗುಸಿಯನ್ನು. ಪಕ್ಕದಲ್ಲಿ ಹಾದ ಪುನುಗು ಬೆಕ್ಕನ್ನೋ ಚಿರತೆಯನ್ನೋ ಅಲ್ಲ. ಅಂಥ ಬೇಟೆಯನ್ನು ತಡೆಯಲು ದಾರಿಯೂ ಇದೆ: ಕೊಳ್ಳುವವನನ್ನು ಹಿಡಿದರೆ ಹಿಡಿಯುವವನು ನಿಲ್ಲುತ್ತಾನೆ. ಇಂದಿನ ಉರುಲಿನ ಹಿಂದೆ ತುಪ್ಪಳು ಕೊಳ್ಳುವವನೇ ಇಲ್ಲ.

ಕಾನೂನು ಯಾರನ್ನು ಹಿಡಿಯಿತು ಎಂಬುದನ್ನೂ ನೋಡಬೇಕು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡುವ ಪದ್ಧತಿ ತಂದಿತು. ಅದು ರದ್ದಾದದ್ದು 1952ರಲ್ಲಿ. ಮೈಸೂರಿನಲ್ಲಿ 1901ರ ಬೇಟೆ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ ಬಂದ ಮೇಲೆ ಬೇಟೆ ಲೈಸೆನ್ಸಿನ ವಿಷಯವಾಯಿತು, ಎಂದರೆ ಕೋವಿ ಮತ್ತು ಅಧಿಕಾರ ಇದ್ದವರ ವಿಷಯವಾಯಿತು. 1972ರ ವನ್ಯಜೀವಿ ಕಾಯ್ದೆ ‘ಬೇಟೆ’ಯ ವ್ಯಾಖ್ಯೆಯೊಳಗೇ ಉರುಲು, ಬೋನು ಎರಡನ್ನೂ ಸೇರಿಸಿತು, 1991ರ ತಿದ್ದುಪಡಿ ಉಳಿದಿದ್ದ ಪರವಾನಗಿ ಬೇಟೆಯನ್ನೂ ಬಹುಮಟ್ಟಿಗೆ ಮುಚ್ಚಿತು. ಈ ಕಾಯ್ದೆ ಬೇಕಿತ್ತು, ಈಗಲೂ ಬೇಕು. ಆದರೆ ಅಲೆಮಾರಿ ಬೇಟೆಗಾರ ಹಕ್ಕಿಪಿಕ್ಕಿಯ ಕೈಯಲ್ಲಿನ ಬಲೆ ಕಣ್ಣಿಗೆ ಬೀಳುವಂಥದ್ದು, ಅವನನ್ನು ಹಿಡಿಯುವುದು ಸುಲಭ. ಬೇಲಿಯಲ್ಲಿ ಅಡಗಿದ ತಂತಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ತಂತಿ ಸಾಮಾನ್ಯವಾಗಿ ಹಳೆಯ ಬೈಕಿನ ಕ್ಲಚ್ ವೈರ್. ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ, ಕೊಳೆಯುವುದಿಲ್ಲ, ಹಲ್ಲಿಗೆ ತುಂಡಾಗುವುದಿಲ್ಲ. ಹಂದಿ ನುಗ್ಗುವ ಬೇಲಿಯ ಕಂಡಿಯಲ್ಲಿ ಜೀರುಗುಣಿಕೆ ಹಾಕಿ, ಇನ್ನೊಂದು ತುದಿಯನ್ನು ಗೂಟಕ್ಕೋ ಮರಕ್ಕೋ ಬಿಗಿದರೆ ಆಯಿತು. ಒಡ್ಡಿದವನು ವಾರ ಬಿಟ್ಟು ಬಂದರೂ ನಷ್ಟವಿಲ್ಲ. ರಾತ್ರಿ ಅದೇ ಕಂಡಿಯಲ್ಲಿ ಚಿರತೆ ನುಸುಳುತ್ತದೆ. ಅದರ ತಲೆ, ಭುಜ ಸಲೀಸಾಗಿ ದಾಟಿ ಎಷ್ಟೋ ಸಲ ಕುಣಿಕೆ ಸೊಂಟಕ್ಕೆ ಬೀಳುತ್ತದೆ. ಮುಂದಕ್ಕೆ ಎಳೆದಷ್ಟೂ ಬಿಗಿಯುತ್ತದೆ. ಬೆಳಿಗ್ಗೆ ಜನ ಸೇರಿದಾಗ ಗಾಬರಿಯಿಂದ ಇನ್ನಷ್ಟು ಎಳೆಯುತ್ತದೆ. ಅರಿವಳಿಕೆ ಕೊಟ್ಟು ಬಿಡಿಸಿದರೂ ಒಳಗಿನ ಪೆಟ್ಟಿನಿಂದ ಆಮೇಲೆ ಸಾಯುವುದುಂಟು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು 2009ರಿಂದ 2020ರವರೆಗೆ ಕರ್ನಾಟಕದಲ್ಲಿ ನೂರಕ್ಕೂ ಹೆಚ್ಚು ಚಿರತೆಗಳು ಹೀಗೆ ಉರುಲಿಗೆ ಸಿಕ್ಕದ್ದನ್ನು ದಾಖಲಿಸಿದ್ದಾರೆ. ಅರ್ಧಕ್ಕಿಂತ ಹೆಚ್ಚು ಸತ್ತವು. ಬಹುಪಾಲು ಘಟನೆಗಳು ನಡೆದದ್ದು ಅಭಯಾರಣ್ಯದ ಹೊರಗೆ, ಈ ಸೀಮೆಯಂಥ ಹೊಲ–ಗುಡ್ಡಗಳ ನಡುವೆ. ಕೊಂದವನಿಗೆ ಚಿರತೆಯ ಚರ್ಮ ಬೇಕಿರಲಿಲ್ಲ. ಅದು ಸತ್ತದ್ದೂ ಅವನಿಗೆ ಬೇಡವಾದ ಸಂಗತಿ.

ರೈತನ ಪಾಡೇನು ಎಂಬುದು ಕೊನೆಯ ಆಕ್ಷೇಪ, ಎಲ್ಲಕ್ಕಿಂತ ನ್ಯಾಯವಾದದ್ದು. ಒಂದು ರಾತ್ರಿಯ ಹಂದಿ ಹಿಂಡು ತೆನೆಗಟ್ಟಿದ ಹೊಲವನ್ನು ಮಲಗಿಸಿಬಿಡುತ್ತದೆ. 2024ರ ನವೆಂಬರಿನಲ್ಲಿ ಶಿವಗಂಗೆ ಬಳಿಯ ಕಂಬಾಳು ಗೊಲ್ಲರಹಟ್ಟಿಯಲ್ಲಿ ಹೊಲದ ಕಡೆ ಹೋದ ಮಹಿಳೆಯೊಬ್ಬರನ್ನು ಚಿರತೆ ಕೊಂದಿತು. ಆಗ ಅರಣ್ಯ ಇಲಾಖೆ ಇಟ್ಟದ್ದು ಬೋನುಗಳನ್ನು, ಎಂದರೆ ಕಾವಲಿರುವ, ಪ್ರಾಣಿಯನ್ನು ಜೀವಂತ ಹಿಡಿಯುವ ಹಳೆಯ ವಿದ್ಯೆಯನ್ನೇ. ರೈತನ ಮೇಲೆ ಕೇಸು ಹಾಕುವುದರಿಂದಷ್ಟೇ ತಂತಿ ಹೋಗುವುದಿಲ್ಲ. ಬೆಳೆ ಪರಿಹಾರ ಬೇಗ ಕೈಸೇರಬೇಕು, ತಂತಿಯನ್ನು ಹುಡುಕಿ ಕೀಳಬೇಕು. ಹುಡುಕಲು ಬಲ್ಲವರು ನಮ್ಮಲ್ಲೇ ಇದ್ದಾರೆ: ಬನ್ನೇರುಘಟ್ಟದ ಹಕ್ಕಿಪಿಕ್ಕಿಗಳು, ಮಾಗಡಿ–ರಾಮನಗರ ಬೆಟ್ಟಗಳ ಇರುಳಿಗರು. ಬೇಟೆಗಾರರೆಂದು ಹೆಸರಾದವರನ್ನು ನಂಬುವುದು ಹೇಗೆ ಎನ್ನುವವರಿಗೆ ತಮಿಳುನಾಡಿನಲ್ಲಿ ಉತ್ತರವಿದೆ. ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಇರುಳರು, ಆ ವ್ಯಾಪಾರ ನಿಷೇಧವಾದ ಮೇಲೆ, 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಈಗ ಹಾವು ಹಿಡಿದು, ವಿಷ ತೆಗೆದು, ಮತ್ತೆ ಬಿಡುತ್ತಾರೆ; ದೇಶದಲ್ಲಿ ಹಾವು ಕಡಿತದ ಮದ್ದಿಗೆ ಬೇಕಾದ ವಿಷ ಬಹುಪಾಲು ಅಲ್ಲಿಂದ ಹೋಗುತ್ತದೆ. ಉರುಲು ಕೀಳುವ ಕೆಲಸಕ್ಕೂ ಇಂಥ ಸಂಘ, ದಿನಗೂಲಿ, ಗುರುತಿನ ಚೀಟಿ ಬೇಕು. ದಾಬಸ್‌ಪೇಟೆ ಸುತ್ತಿನಲ್ಲಿ ಅದು ರಾಗಿ ತೆನೆ ಹಾಲುಗಟ್ಟುವ ಮುಂಚೆ ಶುರುವಾಗಬೇಕು. ಹಂದಿಯೂ ಅದರ ಹಿಂದೆ ತಂತಿಯೂ ಬೇಲಿಗೆ ಬರುವುದು ಆಗಲೇ.