ಒಂದೇ ಹಸಿರು ಶಾಲು, ಹಲವು ಹೆಗಲು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ರೈತರ ಮೆರವಣಿಗೆ ಎಂದರೆ ಹೆಗಲ ಮೇಲೆ ಹಸಿರು ಶಾಲು ಇರಲೇಬೇಕು. ‘ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ’ ಎಂಬ ಘೋಷಣೆಯೂ ಹಳೆಯದೇ. ಆದರೆ ಶಾಲು ಹೊದ್ದವರೆಲ್ಲ ಒಂದೇ ಸಂಘದವರಲ್ಲ.

1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ನೀರಾವರಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ನಡೆಯಿತು. ಹಾವೇರಿಯೂ ಆಗ ಅದೇ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ವರ್ಷ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಜತೆಗೆ ನಿಂತವರು ಕಾನೂನಿನ ಮೇಷ್ಟ್ರು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಸಂಘದ ಘೋಷಣೆಯ ಹಿಂದೆ ಒಂದು ಲೆಕ್ಕವಿತ್ತು. ಬೆಳೆಯ ಬೆಲೆಯನ್ನು ಸರ್ಕಾರದ ನೀತಿಯೇ ತಗ್ಗಿಸಿದೆ, ಇದರಿಂದ ರೈತ ಕಳೆದುಕೊಂಡದ್ದು ಅವನ ಸಾಲಕ್ಕಿಂತ ಹೆಚ್ಚು. ಹಾಗಾದರೆ ಬಾಕಿ ಯಾರದು? ಜಪ್ತಿಗೆ ಬಂದವರ ಮುಂದೆ ತಲೆ ತಗ್ಗಿಸುತ್ತಿದ್ದವನಿಗೆ ಈ ಪ್ರಶ್ನೆ ಧೈರ್ಯ ತಂದಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಬಾರದೆಂಬ ಫಲಕಗಳು ಊರ ಬಾಗಿಲಲ್ಲಿ ಎದ್ದವು.

ಒಡಕು ಪ್ರೊಫೆಸರ್ ಬದುಕಿದ್ದಾಗಲೇ ಬಂದಿತ್ತು. ಬಾಬಾಗೌಡ ಪಾಟೀಲರು 1998ರಲ್ಲಿ ಬಿಜೆಪಿಯಿಂದ ಗೆದ್ದು ಕೇಂದ್ರ ಮಂತ್ರಿಯಾದರು. ಕೆ.ಎಸ್. ಪುಟ್ಟಣ್ಣಯ್ಯ ಬೇರೆ ಬಣ ಕಟ್ಟಿದರು. 2004ರ ಫೆಬ್ರುವರಿ 3ರಂದು ನಂಜುಂಡಸ್ವಾಮಿ ತೀರಿಕೊಂಡ ಮೇಲೆ ‘ನಿಜವಾದ ಸಂಘ ಯಾವುದು’ ಎಂಬ ಜಗಳ ಬಿಡಿಸುವವರೇ ಇಲ್ಲವಾದರು. ಎಲ್ಲ ಬಣಗಳೂ ಅವರ ಹೆಸರನ್ನೇ ಹೇಳಿದವು. ಹೆಸರು ಹೇಳುವುದು ಸುಲಭ, ಅವರ ಹಟ ಹಿಡಿಯುವುದು ಕಷ್ಟ. 1998ರಲ್ಲಿ ಅವರ ಕರೆಯ ಮೇರೆಗೆ ರಾಯಚೂರು, ಬಳ್ಳಾರಿ ಕಡೆ ಕುಲಾಂತರಿ ಹತ್ತಿಯ ಪ್ರಯೋಗದ ಬೆಳೆಗೆ ಬೆಂಕಿ ಬಿತ್ತು. 2002ರಲ್ಲಿ ಅದೇ ಹತ್ತಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ರಾಣೆಬೆನ್ನೂರಿನ ಸುತ್ತ ಇಂದು ಬೀಜ ಕಂಪನಿಗಳಿಗೆ ಬೀಜ ಬೆಳೆದುಕೊಡುವುದೇ ಎಷ್ಟೋ ಮನೆಗಳ ಜೀವನ. ಅಲ್ಲಿ ಆ ಬೆಂಕಿಯ ಮಾತೆತ್ತಲು ಯಾವ ಬಣಕ್ಕೂ ಸಲೀಸಲ್ಲ.

ಘೋಷಣೆ ಆಳುವವರ ಬಾಯಿಗೂ ಬಂತು. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪ ರೈತರ ಹೆಸರಿನಲ್ಲಿ ಪ್ರಮಾಣ ವಚನ ಸ್ವೀಕರಿಸಿದರು. ಹನ್ನೊಂದೇ ದಿನಕ್ಕೆ, ಜೂನ್ 10ರಂದು, ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ಸತ್ತರು. ಬಿತ್ತನೆಯ ಹದ ಕಾಯುತ್ತಿದ್ದವರು ಕೇಳಿದ್ದು ಸಾಲ ಮನ್ನಾ ಅಲ್ಲ, ದುಡ್ಡು ಕೊಟ್ಟು ಕೊಳ್ಳುವ ಗೊಬ್ಬರ. 2018ರ ಮೇ 17ರಂದು ಯಡಿಯೂರಪ್ಪ ಮತ್ತೆ ಪ್ರಮಾಣ ಮಾಡಿದಾಗ ಹೆಗಲ ಮೇಲೆ ಹಸಿರು ಶಾಲೇ ಇತ್ತು.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದು ರೈತರು ರೊಚ್ಚಿಗೆದ್ದರು. ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಲೆಯ ಪ್ರಶ್ನೆ 1980ರದ್ದೇ.