ಲಿಬರೇಟರ್ ವಿಮಾನಗಳ ಪೂರ್ವೋತ್ತರ

ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹಳೆಯ ಗುಡಿಯ ಕಲ್ಲು ಹೊಸ ಗುಡಿಯ ಗೋಡೆಯಲ್ಲಿ ಸೇರಿರುತ್ತದೆ. ವೀರಗಲ್ಲು ಯಾರದೋ ಮನೆಯ ಮೆಟ್ಟಿಲಾಗಿರುತ್ತದೆ. ಕಲ್ಲು ಈಗ ಇರುವ ಸ್ಥಳವನ್ನು ನೋಡಿದ ಮಾತ್ರಕ್ಕೆ ಅದರ ಚರಿತ್ರೆ ತಿಳಿಯುವುದಿಲ್ಲ. ಯಂತ್ರಯುಗದ ವಸ್ತುಗಳಿಗೆ ಈ ತೊಡಕಿಲ್ಲವೆಂದು ನಾವು ಭಾವಿಸುವುದುಂಟು. ಕಾರ್ಖಾನೆಯಲ್ಲಿ ಹುಟ್ಟಿದ ವಸ್ತುವಿಗೆ ಸಂಖ್ಯೆಯಿದೆ, ದಾಖಲೆಯಿದೆ, ಮತ್ತೆ ಶೋಧಿಸತಕ್ಕದ್ದೇನು? ಎರಡನೆಯ ಮಹಾಯುದ್ಧದಲ್ಲಿ ಹಾರಿದ ಲಿಬರೇಟರ್ ಎಂಬ ಬಾಂಬರ್ ವಿಮಾನದ ವೃತ್ತಾಂತವನ್ನು ವಿಚಾರಿಸಿದರೆ ಈ ಭಾವನೆ ನಿಲ್ಲಲಾರದು. ಆ ವೃತ್ತಾಂತದ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ. ಆದ್ದರಿಂದ ಅದು ನಮಗೆ ಪರರ ಕಥೆಯಲ್ಲ.

ನಾಲ್ಕು ಎಂಜಿನುಗಳ ಈ ವಿಮಾನವನ್ನು ಅಮೆರಿಕದ ಕಾರ್ಖಾನೆಗಳು 18,000ಕ್ಕೂ ಹೆಚ್ಚಾಗಿ ನಿರ್ಮಿಸಿದವು. ಯುದ್ಧ ಮುಗಿದೊಡನೆ ಅವುಗಳಲ್ಲಿ ಬಹುಪಾಲು ಮುರಿದು ಕರಗಿಸಲ್ಪಟ್ಟವು. ಇಂದು ಲೋಕದಲ್ಲಿ ಉಳಿದಿರುವವು ಕೆಲವೇ ಕೆಲವು. ಸೋಜಿಗದ ಸಂಗತಿಯೆಂದರೆ, ಆ ಕೆಲವರಲ್ಲಿ ಹಲವು ಭಾರತದಲ್ಲಿ ಉಳಿದುಕೊಂಡು ಬಂದವು.

ಇದಕ್ಕೆ ಕಾರಣವುಂಟು. ಬ್ರಿಟಿಷ್ ವಾಯುಸೇನೆ ಈ ವಿಮಾನಗಳನ್ನು ಅಮೆರಿಕದಿಂದ ಎರವಲಿನ ಕರಾರಿನ ಮೇಲೆ ಪಡೆದಿತ್ತು. ಯುದ್ಧಾನಂತರ ಅವನ್ನು ಕಾನ್ಪುರದ ನಿಲ್ದಾಣದಲ್ಲಿ ಸಾಲುಗಟ್ಟಿ ನಿಲ್ಲಿಸಿ, ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋಯಿತು. ಸ್ವತಂತ್ರ ಭಾರತದ ವಾಯುಸೇನೆಗೆ ದೊಡ್ಡ ಬಾಂಬರುಗಳು ಬೇಕಾಗಿದ್ದವು. ಹೊಸತನ್ನು ಕೊಳ್ಳುವುದು ಸುಲಭವಾಗಿರಲಿಲ್ಲ. ಆಗ ದೃಷ್ಟಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕಡೆಗೆ ಹರಿಯಿತು. ವಾಲ್‌ಚಂದ್ ಹೀರಾಚಂದರ ಉದ್ಯಮಶೀಲತೆಯಿಂದಲೂ ಮೈಸೂರು ಸಂಸ್ಥಾನದ ಬಂಡವಾಳದಿಂದಲೂ 1940ರ ಡಿಸೆಂಬರಿನಲ್ಲಿ ಹುಟ್ಟಿದ ಈ ಕಾರ್ಖಾನೆ, ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡಿತ್ತು. ಇಲ್ಲಿಯ ಕೆಲಸಗಾರರು ಕಾನ್ಪುರದ ಆ ಅವಶೇಷಗಳಲ್ಲಿ ಒಂದರ ಅಂಗವನ್ನು ಇನ್ನೊಂದಕ್ಕೆ ಕೂಡಿಸಿ, ಒಂದು ಸಲ ಹಾರಬಲ್ಲಷ್ಟು ಸರಿಪಡಿಸಿದರು. ಅಲ್ಲಿಂದ ಸುಮಾರು 950 ಮೈಲಿ ದೂರದ ಬೆಂಗಳೂರಿಗೆ ಕಾರ್ಖಾನೆಯ ಪರೀಕ್ಷಾ ಚಾಲಕರಾದ ಜಮ್‌ಶೇದ್ ಮುನ್ಶಿಯವರು ಅವನ್ನು ಒಂದೊಂದಾಗಿ ಹಾರಿಸಿ ತಂದರು. ಹೀಗೆ 42 ವಿಮಾನಗಳು ಬಂದವು. ಇಲ್ಲಿ ಅವುಗಳಿಗೆ ಪೂರ್ಣ ಜೀರ್ಣೋದ್ಧಾರವಾಯಿತು. 1948ರ ನವೆಂಬರಿನಲ್ಲಿ ಭಾರತೀಯ ವಾಯುಸೇನೆಯ 5ನೆಯ ದಳ ಈ ವಿಮಾನಗಳೊಡನೆ ರೂಪುಗೊಂಡಿತು. ಕೆಡಿಸಿ ಬಿಟ್ಟ ವಿಮಾನಗಳು 1968ರವರೆಗೆ, ಎಂದರೆ ಇನ್ನೂ ಇಪ್ಪತ್ತು ವರ್ಷ, ಸೇವೆ ಸಲ್ಲಿಸಿದವು.

ಈಗ ಚರಿತ್ರಕಾರನ ಪ್ರಶ್ನೆಗೆ ಬರೋಣ. ಇಂಥ ವಿಮಾನವೊಂದು ವಸ್ತುಸಂಗ್ರಹಾಲಯದಲ್ಲಿ ನಿಂತಿದ್ದರೆ, ಅದು ಯಾವುದೆಂದು ಹೇಳುವುದು ಹೇಗೆ? ಮೊದಲ ಸಾಕ್ಷ್ಯ ಸಂಖ್ಯೆ. ಅಮೆರಿಕದ ಅರಿಜೋನ ಪ್ರಾಂತದ ಪೀಮಾ ಸಂಗ್ರಹಾಲಯಕ್ಕೆ 1969ರಲ್ಲಿ ಭಾರತದಿಂದ ಹೋದ ವಿಮಾನಕ್ಕೆ ಮೂರು ಹೆಸರು. ಹುಟ್ಟಿನಲ್ಲಿ ಅದು 44-44175. ಮೊದಲಿನ 44 ಎಂಬುದು ಅಮೆರಿಕದ ಆಯವ್ಯಯ ವರ್ಷದ ಗುರುತು. ಬ್ರಿಟಿಷರ ಕೈಯಲ್ಲಿ ಅದು ಕೆಎಚ್ 304. ಭಾರತದಲ್ಲಿ ಎಚ್‌ಇ 877. ಇಂಗ್ಲೆಂಡಿನ ರಾಯಲ್ ವಾಯುಸೇನಾ ಸಂಗ್ರಹಾಲಯಕ್ಕೆ 1974ರಲ್ಲಿ ಸೇರಿದ ಇನ್ನೊಂದು ಹೀಗೆಯೇ 44-50206, ಕೆಎನ್ 751, ಎಚ್‌ಇ 807 ಎಂಬ ಮೂರು ಜನ್ಮಗಳನ್ನು ಕಂಡಿತು. ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಲ್ಲಿದ್ದ ಬ್ರಿಟಿಷರ 99ನೆಯ ದಳಕ್ಕೆ ಅದು 1945ರಲ್ಲಿ ಸೇರಿತ್ತೆಂಬುದು ಈ ಸಂಖ್ಯೆಗಳ ಸರಪಳಿಯಿಂದಲೇ ತಿಳಿಯುತ್ತದೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಆ ದಳದ ಯೋಧರ ನೆನಪಿಗೂ ಈ ಲೋಹಕ್ಕೂ ಇರುವ ಸಂಬಂಧ ಕಡಿದುಹೋಗುತ್ತದೆ.

ಸಂಖ್ಯೆಯೊಂದೇ ಸಾಲದು. ನಿರ್ಮಾಪಕರು ಬಡಿದ ಲೋಹದ ತಗಡು, ಬಿಡಿಭಾಗಗಳ ಮೇಲಿನ ಅಚ್ಚು, ಬಣ್ಣದ ಪದರದ ಕೆಳಗಿನ ಬಣ್ಣ, ಸೇನೆಯ ದಾಖಲೆಯ ಚೀಟಿ, ಚಾಲಕರ ದಿನಚರಿ, ತಾರೀಖು ಸಹಿತವಾದ ಛಾಯಾಚಿತ್ರ, ಇವೆಲ್ಲವನ್ನೂ ಒಂದಕ್ಕೊಂದು ತಾಳೆನೋಡಬೇಕು. ಅನೇಕ ಅವಶೇಷಗಳಿಂದ ಕೂಡಿಸಿದ ವಿಮಾನದಲ್ಲಿ ತಗಡು ಒಂದರದು, ಬಾಲ ಇನ್ನೊಂದರದು ಆಗಿರಬಹುದು. ಆಗ ಒಂದೇ ಸಂಖ್ಯೆಯನ್ನು ನಿಜವೆಂದು ಸಾಧಿಸುವುದಕ್ಕಿಂತ, ಯಾವ ಭಾಗ ಎಲ್ಲಿಂದ ಬಂತೆಂದು ಹೇಳುವುದೇ ಹೆಚ್ಚು ಪ್ರಾಮಾಣಿಕವಾದ ಉತ್ತರ.

ಬಣ್ಣವಂತೂ ಎಷ್ಟೋ ವೇಳೆ ದಾರಿ ತಪ್ಪಿಸುತ್ತದೆ. 44-44052 ಎಂಬ ವಿಮಾನ ಬ್ರಿಟಿಷರಲ್ಲಿ ಕೆಎಚ್ 191 ಆಗಿದ್ದು, ಭಾರತದಲ್ಲಿ ದುಡಿದು, ಅಮೆರಿಕಕ್ಕೆ ಮರಳಿ, 1989ರಲ್ಲಿ ಮತ್ತೆ ಹಾರಿತು. ಆದರೆ ಅದು ತೊಟ್ಟದ್ದು ಬೇರೆ ವಿಮಾನಗಳ ವೇಷ: ಮೊದಲು ‘ಆಲ್ ಅಮೆರಿಕನ್’, ಅನಂತರ ‘ದಿ ಡ್ರ್ಯಾಗನ್ ಅಂಡ್ ಹಿಸ್ ಟೇಲ್’, 2005ರಿಂದ ‘ವಿಚ್‌ಕ್ರಾಫ್ಟ್’. ಪೀಮಾದ ವಿಮಾನವೂ ‘ಬಂಗೇ ಬಕರೂ’ ಎಂಬ ಅಮೆರಿಕದ ಹೆಸರನ್ನು ಹೊತ್ತಿತು. ಮಡಿದ ಯೋಧರಿಗೆ ಗೌರವ ಸಲ್ಲಿಸಲು ಹೀಗೆ ಮಾಡಿದರೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಒಬ್ಬರನ್ನು ನೆನೆಯುವುದಕ್ಕಾಗಿ ಇನ್ನೊಬ್ಬರನ್ನು ಮರೆಯಬೇಕಾದದ್ದು ಚರಿತ್ರೆಗೆ ಒಪ್ಪುವುದಿಲ್ಲ. ಈ ವಿಮಾನಗಳನ್ನು ಹುಟ್ಟಿಸಿದವರು ಅಮೆರಿಕದವರು, ಯುದ್ಧದಲ್ಲಿ ನಡೆಸಿದವರು ಬ್ರಿಟಿಷರು. ಅವು ಉಳಿದು ಬಂದದ್ದು ಮಾತ್ರ ಬೆಂಗಳೂರಿನ ಕೈಗಳಿಂದ. ಆ ದುರಸ್ತಿ ಅವುಗಳ ನಿಜತ್ವಕ್ಕೆ ತಗುಲಿದ ಕಳಂಕವಲ್ಲ. ಅದೇ ಅವುಗಳ ಚರಿತ್ರೆ.

ನಮ್ಮ ನಾಡಿನ ಶಾಸನಗಳನ್ನು ಹಳ್ಳಿ ಹಳ್ಳಿ ತಿರುಗಿ ರೈಸ್ ಅವರ ಇಲಾಖೆ ಪ್ರತಿಮಾಡಿಕೊಂಡದ್ದರಿಂದ ಎಷ್ಟೋ ಅರಸರ, ಎಷ್ಟೋ ಅನಾಮಧೇಯ ವೀರರ ಹೆಸರು ಉಳಿಯಿತು. ವಿಮಾನ ಕಾರ್ಖಾನೆಯಲ್ಲಿ ದುಡಿದವರ ಮನೆಗಳ ಪೆಟ್ಟಿಗೆಗಳಲ್ಲಿ ಇರಬಹುದಾದ ಹಳೆಯ ಛಾಯಾಚಿತ್ರ, ಕೆಲಸದ ಪುಸ್ತಕ, ಕಾಗದಪತ್ರಗಳೂ ಅಂಥ ಶಾಸನಗಳೇ. ಕಲ್ಲಿನಂತೆ ಅವು ನೂರಾರು ವರ್ಷ ಬಾಳಲಾರವು. ಅವನ್ನು ಹಳೆಯ ಕಾಗದದವನಿಗೆ ತೂಗಿ ಹಾಕುವ ಮೊದಲು ಹಿಂಬದಿಯಲ್ಲಿ ಬರೆದ ಸಂಖ್ಯೆಯನ್ನೊಮ್ಮೆ ಓದಿದರೆ, ದೂರದೇಶದಲ್ಲಿ ಪರರ ಹೆಸರು ಹೊತ್ತು ನಿಂತಿರುವ ಒಂದು ವಿಮಾನಕ್ಕೆ ಅದರ ಪೂರ್ವೋತ್ತರ ಮರಳಿ ದೊರಕೀತು.