ಅಂಧರ ಕಂಪ್ಯೂಟರಿಗೆ ಲಿನಕ್ಸ್: ಬದಲಾಯಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಕಂಪ್ಯೂಟರುಗಳಲ್ಲಿ ಎಷ್ಟೋ ವಿಂಡೋಸ್ 11ನ್ನು ಹೊರಲಾರವು. ಹೊಸ ಯಂತ್ರ ಕೊಳ್ಳಬೇಕು, ಇಲ್ಲವೇ ಲಿನಕ್ಸ್‌ನಂಥ ಮುಕ್ತ ಕಾರ್ಯಾಚರಣೆ ವ್ಯವಸ್ಥೆಗೆ ಹೋಗಬೇಕು. ಕಣ್ಣಿರುವವರಿಗೆ ಇದು ಹಣ ಮತ್ತು ಅಭ್ಯಾಸದ ಪ್ರಶ್ನೆ. ಕಣ್ಣು ಕಾಣದವರಿಗೆ ಅದಕ್ಕೂ ಮೊದಲಿನ ಪ್ರಶ್ನೆಯೊಂದಿದೆ: ಹೊಸ ವ್ಯವಸ್ಥೆ ಮಾತಾಡುತ್ತದೆಯೇ? ಅದೂ ತಮ್ಮ ಭಾಷೆಯಲ್ಲಿ?

ಪರದೆಯನ್ನು ಓದಿ ಹೇಳುವ ತಂತ್ರಾಂಶ

ಪರದೆಯ ಮೇಲಿನ ಅಕ್ಷರ, ಗುಂಡಿ, ಪಟ್ಟಿಗಳನ್ನು ಧ್ವನಿಯಾಗಿ ಇಲ್ಲವೇ ಬ್ರೈಲ್ ಆಗಿ ಒದಗಿಸುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಬಳಕೆದಾರರು ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಎಲ್ಲ ಕೆಲಸ ಮಾಡುತ್ತಾರೆ. ಅಮೆರಿಕದ 'ಜಾಸ್' 1989ರಲ್ಲಿ ಡಾಸ್ ಕಾಲದಲ್ಲಿ ಬಂದದ್ದು. ಹಣ ಕೊಟ್ಟು ಪರವಾನಗಿ ಪಡೆಯಬೇಕು. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಆರಂಭಿಸಿದ 'ಎನ್‌ವಿಡಿಎ' ಉಚಿತ ಹಾಗೂ ಮುಕ್ತ. ಆದರೆ ಇವೆರಡೂ ಕೆಲಸ ಮಾಡುವುದು ವಿಂಡೋಸ್‌ನಲ್ಲಿ ಮಾತ್ರ.

ಲಿನಕ್ಸ್‌ನಲ್ಲಿ ಈ ಕೆಲಸ 'ಆರ್ಕಾ' ತಂತ್ರಾಂಶದ್ದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿದ ಇದು 2006ರ ಸೆಪ್ಟೆಂಬರ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್‌ನ ಅಂಗವಾಯಿತು. 2010ರಲ್ಲಿ ಸನ್ ಸಂಸ್ಥೆ ಒರಾಕಲ್ ಪಾಲಾದ ಮೇಲೂ ಆರ್ಕಾ ನಿಲ್ಲಲಿಲ್ಲ. ಮೂಲ ಸಂಕೇತ ಎಲ್ಲರಿಗೂ ತೆರೆದಿದ್ದುದರಿಂದ ಬೇರೆಯವರು ಮುಂದುವರಿಸಿದರು. ಜೋನ್‌ಮೇರಿ ಡಿಗ್ಸ್ ಅನೇಕ ವರ್ಷಗಳಿಂದ ಅದರ ಹೊಣೆ ಹೊತ್ತಿದ್ದಾರೆ. ಮುಕ್ತ ತಂತ್ರಾಂಶದ ದೊಡ್ಡ ಲಾಭ ಇದು. ಕಂಪೆನಿ ಕೈಬಿಟ್ಟರೂ ಬಳಕೆದಾರರ ಧ್ವನಿ ಉಳಿಯುತ್ತದೆ.

ಕಾಸರಗೋಡಿಗೆ ಹೊಸತಲ್ಲ

ಲಿನಕ್ಸ್ ಎಂದರೆ ಪರಿಣತರ ಸೊತ್ತು ಎಂಬ ಮಾತು ಗಡಿನಾಡಿನ ಎಲ್ಲ ಕಡೆಗೂ ಹೊಂದುವುದಿಲ್ಲ. ಕೇರಳದ ಸರಕಾರಿ ಶಾಲೆಗಳು 'ಐಟಿ ಅಟ್ ಸ್ಕೂಲ್' ಯೋಜನೆಯ ಮೂಲಕ 2000ರ ದಶಕದಲ್ಲೇ ಮುಕ್ತ ತಂತ್ರಾಂಶಕ್ಕೆ ಹೊರಳಿದವು. 2017ರಲ್ಲಿ ಈ ಯೋಜನೆಯೇ 'ಕೈಟ್' ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದೇ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಕಲಿಯುತ್ತಾರೆ. ಕಣ್ಣು ಕಾಣದ ಹುಡುಗ ಮನೆಯಲ್ಲಿ ಲಿನಕ್ಸ್ ಹಾಕಿಸಿಕೊಂಡರೆ ನೆರವಿಗೆ ಬರಬಲ್ಲ ಅಕ್ಕನೋ ತಮ್ಮನೋ ಅಲ್ಲಿನ ಮನೆಗಳಲ್ಲಿ ಸಿಗುತ್ತಾರೆ. ಸೊಲ್ಲಾಪುರ, ಆದೋನಿ, ತಾಳವಾಡಿಗಳಲ್ಲಿ ಅಂಥ ನೆರವನ್ನು ಮೊದಲೇ ಹುಡುಕಿಟ್ಟುಕೊಳ್ಳುವುದು ಲೇಸು.

ಎರಡು ಭಾಷೆಯ ಧ್ವನಿ

ಆರ್ಕಾ ಪರದೆಯಲ್ಲಿ ಏನಿದೆಯೆಂದು ಗುರುತಿಸುತ್ತದೆ. ಉಚ್ಚರಿಸುವುದು ಬೇರೊಂದು ತಂತ್ರಾಂಶ. ಹೆಚ್ಚಾಗಿ ಅದು 'ಇಸ್ಪೀಕ್ ಎನ್‌ಜಿ'. ಇದರಲ್ಲಿ ಕನ್ನಡದ ಜೊತೆಗೆ ಮಲಯಾಳ, ತಮಿಳು, ತೆಲುಗು, ಮರಾಠಿ, ಕೊಂಕಣಿಗಳೂ ಇವೆ. ಗಡಿನಾಡಿನವರಿಗೆ ಬೇಕಾದ ಭಾಷೆಗಳು ಒಂದೇ ಕಡೆ, ಬಿಡಿಗಾಸಿಲ್ಲದೆ ಸಿಗುತ್ತವೆ.

ಆದರೆ ಧ್ವನಿ ಯಾಂತ್ರಿಕ. ಮೊದಲ ವಾರ ಕನ್ನಡವೇ ಕನ್ನಡವಲ್ಲವೆನಿಸಬಹುದು. ಕಿವಿ ಒಗ್ಗಿದ ಮೇಲೆ ವೇಗ ಹೆಚ್ಚಿಸಿಯೂ ಕೇಳಬಹುದು. ಇನ್ನೊಂದು ತೊಡಕು, ಒಂದೇ ಪುಟದಲ್ಲಿ ಕನ್ನಡವೂ ಮರಾಠಿಯೂ ಇದ್ದರೆ ಧ್ವನಿ ತಾನಾಗಿ ಬದಲಾಗುತ್ತದೆಂದು ನಂಬಿ ಕೂರುವಂತಿಲ್ಲ. ಆರ್ಕಾದಲ್ಲಿ ಪ್ರತಿ ಭಾಷೆಗೂ ಒಂದೊಂದು ಪ್ರೊಫೈಲ್ ಮಾಡಿಟ್ಟು, ಓದುವ ಮುನ್ನ ಬೇಕಾದುದನ್ನು ಆರಿಸಿಕೊಳ್ಳುವುದು ಸುಲಭ ದಾರಿ. ಕನ್ನಡ ಬರೆಯಲು ನುಡಿ ಮಾದರಿಯ ಕೆಜಿಪಿ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಲಿನಕ್ಸ್‌ನಲ್ಲಿ ದೊರೆಯುತ್ತವೆ.

ಹಳೆಯ ಕಡತಗಳ ಗತಿ

ಕನ್ನಡಿಗರಿಗೆ ಹೆಚ್ಚು ತೊಂದರೆ ಕೊಡುವುದು ಹಳೆಯ ಅಕ್ಷರ ಸಂಕೇತ. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಕಡತದ ಒಳಗಿರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ, ಅಷ್ಟೆ. ಕಣ್ಣಿಗೆ ಅದು ಕನ್ನಡ. ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ಗದ್ದಲ. ಮಲಯಾಳ, ಮರಾಠಿ, ತೆಲುಗಿನ ಹಳೆಯ ಡಿಟಿಪಿ ಕಡತಗಳದೂ ಇದೇ ಕತೆ.

ಈ ದೋಷ ವಿಂಡೋಸ್‌ನಲ್ಲೂ ಇತ್ತು, ಲಿನಕ್ಸ್‌ನಿಂದ ಬಂದದ್ದಲ್ಲ. ಪರಿಹಾರ ಎರಡೂ ಕಡೆ ಒಂದೇ: ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು. ಉಚಿತ ಪರಿವರ್ತಕಗಳಿವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತುಗಳನ್ನು ಕಣ್ಣಿರುವವರೊಬ್ಬರು ಒಮ್ಮೆ ನೋಡಿಕೊಡಬೇಕು. ಪುಟದ ಚಿತ್ರ ತೆಗೆದು ಮಾಡಿದ ಪಿಡಿಎಫ್ ಆದರೆ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಬೇಕು; ಮುಕ್ತ ತಂತ್ರಾಂಶವಾದ 'ಟೆಸೆರಾಕ್ಟ್' ಕನ್ನಡವನ್ನೂ ಗುರುತಿಸುತ್ತದೆ.

ಬದಲಾಯಿಸುವ ಕ್ರಮ

1. ಮೊದಲು ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡಬೇಕು. ಇದಾಗದೆ ಮುಂದಿನ ಹೆಜ್ಜೆ ಬೇಡ.

2. ಗ್ನೋಮ್ ಅಥವಾ ಮಾಟೆ ಡೆಸ್ಕ್‌ಟಾಪ್ ಇರುವ ಉಬುಂಟು ಇಲ್ಲವೇ ಡೆಬಿಯನ್ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಅಳವಡಿಸದೆ ಅದರಿಂದಲೇ ಕಂಪ್ಯೂಟರ್ ನಡೆಸಿ ನೋಡಬೇಕು. ಕಂಪ್ಯೂಟರ್ ಹೊತ್ತುವಾಗ ಬರುವ ಮೊದಲ ಪಟ್ಟಿ ಮಾತಾಡುವುದಿಲ್ಲ. ಅಲ್ಲಿ ಪೆನ್‌ಡ್ರೈವ್ ಆರಿಸಲು ಒಬ್ಬರ ಕಣ್ಣಿನ ನೆರವು ಬೇಕು.

3. ಡೆಸ್ಕ್‌ಟಾಪ್ ಬಂದ ಮೇಲೆ ಆಲ್ಟ್, ವಿಂಡೋಸ್ ಚಿಹ್ನೆಯ ಕೀಲಿ ಮತ್ತು 'ಎಸ್' ಒಟ್ಟಿಗೆ ಒತ್ತಿದರೆ ಆರ್ಕಾ ಮಾತಾಡತೊಡಗುತ್ತದೆ. ಧ್ವನಿ ಬಾರದಿದ್ದರೆ ಅದು ಮಾನಿಟರಿನ ಕಡೆಗೆ ಹೋಗುತ್ತಿರಬಹುದು. ಯುಎಸ್‌ಬಿ ಹೆಡ್‌ಫೋನ್ ಹತ್ತಿರವಿದ್ದರೆ ಅನುಕೂಲ.

4. ವೈಫೈ, ಪ್ರಿಂಟರ್, ಕನ್ನಡ ಧ್ವನಿ, ದಿನವೂ ಬಳಸುವ ಜಾಲತಾಣಗಳನ್ನು ಪರೀಕ್ಷಿಸಬೇಕು. ಎಲ್ಲವೂ ಸರಿಬಂದರೆ ಮಾತ್ರ ಅಳವಡಿಕೆ. ಡೆಬಿಯನ್‌ನಲ್ಲಿ ಮೊದಲ ಪಟ್ಟಿ ಬಂದಾಗ 'ಬೀಪ್' ಸದ್ದು ಕೇಳುತ್ತದೆ. ಆಗ 'ಎಸ್' ಒತ್ತಿ ಎಂಟರ್ ಒತ್ತಿದರೆ ಅಳವಡಿಕೆಯ ಪ್ರಶ್ನೆಗಳನ್ನು ಧ್ವನಿಯೇ ಓದಿ ಹೇಳುತ್ತದೆ.

5. ಒಂದೆರಡು ತಿಂಗಳು ವಿಂಡೋಸನ್ನು ಅಳಿಸದೆ ಪಕ್ಕದಲ್ಲೇ ಇಟ್ಟುಕೊಂಡರೆ ಕೆಲಸ ಕೆಡುವುದಿಲ್ಲ. ಹಳೆಯ ವಿಂಡೋಸ್‌ನಲ್ಲಿ ಬ್ಯಾಂಕಿನ ಕೆಲಸ ಮಾತ್ರ ಬೇಡ.

ಏನು ಸುಲಭ, ಏನು ಕಷ್ಟ

ಎನ್‌ವಿಡಿಎ ಬಲ್ಲವರಿಗೆ ಆರ್ಕಾ ಪೂರ್ತಿ ಅಪರಿಚಿತವಲ್ಲ. ಇಲ್ಲೂ ಇನ್ಸರ್ಟ್ ಕೀಲಿಯೇ ಮುಖ್ಯ. ಜಾಲಪುಟದಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗಲು 'ಎಚ್', ಕೊಂಡಿಗಳಿಗೆ 'ಕೆ', ಕೋಷ್ಟಕಕ್ಕೆ 'ಟಿ' ಹಾಗೆಯೇ ಇವೆ. ಇನ್ಸರ್ಟ್ ಮತ್ತು 'ಎಚ್' ಒತ್ತಿದರೆ ಕಲಿಕೆಯ ಸ್ಥಿತಿ ಆರಂಭ. ಆಗ ಯಾವ ಕೀಲಿ ಒತ್ತಿದರೂ ಅದರ ಕೆಲಸವೇನೆಂದು ಹೇಳುತ್ತದೆ. ಇನ್ಸರ್ಟ್ ಮತ್ತು ಸ್ಪೇಸ್ ಒತ್ತಿದರೆ ಆರ್ಕಾದ ಹೊಂದಾಣಿಕೆಗಳು. ಫೈರ್‌ಫಾಕ್ಸ್, ಥಂಡರ್‌ಬರ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಪತ್ರ, ಲೆಕ್ಕ, ಮಿಂಚಂಚೆ, ಜಾಲಾಟದ ಕೆಲಸಗಳು ನಡೆಯುತ್ತವೆ. ಬ್ರೈಲ್ ಸಾಧನವಿದ್ದವರಿಗೆ 'ಬಿಆರ್‌ಎಲ್‌ಟಿಟಿವೈ' ಇದೆ.

ಕಷ್ಟಗಳೂ ಇವೆ. ವಿಂಡೋಸ್‌ಗಾಗಿಯೇ ಮಾಡಿದ ಲೆಕ್ಕಪತ್ರದ ತಂತ್ರಾಂಶ ಅಥವಾ ಕಚೇರಿಯ ತಂತ್ರಾಂಶದಲ್ಲಿ ನೌಕರಿ ಮಾಡುವವರು ಅವಸರಪಡಬಾರದು. ಅಂಥವನ್ನು 'ವೈನ್' ಮೂಲಕ ಲಿನಕ್ಸ್‌ನಲ್ಲಿ ನಡೆಸಿದರೂ ಆರ್ಕಾ ಅವನ್ನು ಓದುತ್ತದೆಂಬ ಭರವಸೆಯಿಲ್ಲ. ಪರದೆಯ ಒಳವ್ಯವಸ್ಥೆ ಎಕ್ಸ್‌11ರಿಂದ ವೇಲ್ಯಾಂಡ್‌ಗೆ ಬದಲಾದಾಗ ಆರ್ಕಾದ ಕೆಲವು ಕೀಲಿಗಳು ಕೈಕೊಟ್ಟಿದ್ದವು. 2025ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 48ರಲ್ಲಿ ಇದು ಬಹಳಮಟ್ಟಿಗೆ ಸರಿಹೋಯಿತು. ಅಂಧರಿಗೆಂದೇ ಸಿದ್ಧವಾಗಿದ್ದ 'ವೈನಕ್ಸ್'ನಂಥ ಆವೃತ್ತಿಗಳು ನಿಂತುಹೋಗಿವೆ. ಹಳೆಯ ಲೇಖನಗಳನ್ನು ನಂಬಿ ಅವನ್ನು ಹುಡುಕುವುದು ವ್ಯರ್ಥ. ಬಹುಜನರು ಬಳಸುವ ಆವೃತ್ತಿಯೇ ಕ್ಷೇಮ.

ಕಣ್ಣು ಕಾಣದವರ ಕಂಪ್ಯೂಟರಿನಲ್ಲಿ ಧ್ವನಿ ನಿಂತರೆ ಕೆಲಸವೂ ನಿಂತಂತೆ. ಪಿಂಚಣಿ ಅರ್ಜಿ, ಪರೀಕ್ಷೆಯ ಟಿಪ್ಪಣಿ, ಬ್ಯಾಂಕಿನ ಲೆಕ್ಕ ಎಲ್ಲಕ್ಕೂ ಮತ್ತೆ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ಆದ್ದರಿಂದ 'ಲಿನಕ್ಸ್ ಒಳ್ಳೆಯದೋ ವಿಂಡೋಸ್ ಒಳ್ಳೆಯದೋ' ಎಂಬ ವಾದಕ್ಕಿಂತ, ತಮ್ಮ ಯಂತ್ರದಲ್ಲಿ, ತಮ್ಮ ಭಾಷೆಯಲ್ಲಿ, ತಮ್ಮ ಕೆಲಸಕ್ಕೆ ಧ್ವನಿ ಕೊನೆತನಕ ಜೊತೆ ಕೊಡುತ್ತದೆಯೇ ಎಂಬುದನ್ನು ಒಂದು ಪೆನ್‌ಡ್ರೈವ್ ಇಟ್ಟುಕೊಂಡು ಪರೀಕ್ಷಿಸಿ ನೋಡುವುದು ಮೇಲು. ಆ ಪರೀಕ್ಷೆಗೆ ಪೆನ್‌ಡ್ರೈವ್‌ನ ಬೆಲೆಯ ಹೊರತು ಬೇರೆ ಖರ್ಚಿಲ್ಲ.